ಗೃಹಶಕಟದ ಪಾಥೇಯ

ಪಾಥೇಯವೆಂಬ ಶಬ್ದವನ್ನು ನಾವು ಬುತ್ತಿ ಎಂಬ ಅರ್ಥದಲ್ಲಿ ಬಳಸುತ್ತೇವೆ. ಪಾಣಿನಿಯ ವ್ಯಾಕರಣವನ್ನು ಹಿಡಿದು ನೋಡಿದರೆ ಅದಕ್ಕೆ ‘ದಾರಿಯಲ್ಲಿ ಸಾಧುವಾದುದು’ ಎಂದು ಅರ್ಥವಾಗುತ್ತದೆ. ಮನೆಯಲ್ಲಿ ಸಾಧುವಾದುದೆಲ್ಲವೂ ದಾರಿಯಲ್ಲಿಯೂ ಸಾಧುವಾಗಿರಬೇಕೆಂಬ ನಿಯಮವೇನೂ ಇಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಪ್ರಯಾಣ ಹೊರಡುವ ಸಂಸಾರಸ್ಥರು ಗಂಟುಮೂಟೆ ಕಟ್ಟುವಾಗ ಈ ಭೇದವನ್ನು ನೆನಪಿನಲ್ಲಿಟ್ಟರೆ ಅರ್ಧ ಭಾರ ಇಳಿದಂತೆಯೇ.

ಈ ಸಲ ಬರೆಯಹೊರಟಿರುವುದು ಅಮೆರಿಕದಲ್ಲಿ ಬಹಳವಾಗಿ ಬಳಕೆಯಲ್ಲಿರುವ ‘ಆರ್.ವಿ.’ ಎಂಬ ವಾಹನದ ಪ್ರಯಾಣವನ್ನು ಕುರಿತು. ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಮಕ್ಕಳು ಆ ದೇಶದಲ್ಲಿ ನೆಲಸಿದ್ದಾರೆ. ತಂದೆತಾಯಿಗಳು ಬೇಸಗೆಯಲ್ಲಿ ಅಲ್ಲಿಗೆ ಹೋದಾಗ, ಮೊಮ್ಮಕ್ಕಳ ಶಾಲೆಗೂ ರಜೆಯಿರುವುದರಿಂದ, ಎಲ್ಲರೂ ಕೂಡಿ ಇಂಥದೊಂದು ಬಂಡಿಯನ್ನು ಬಾಡಿಗೆಗೆ ಹಿಡಿದು ಹೊರಡುವುದುಂಟು. ಅದರೊಳಗೆ ಮಂಚ, ಒಲೆ, ಶೀತಪೆಟ್ಟಿಗೆ, ಪಾತ್ರೆ ತೊಳೆಯುವ ತೊಟ್ಟಿ, ಶೌಚಕ್ಕೆ ಪುಟ್ಟದೊಂದು ಕೋಣೆ, ಇವೆಲ್ಲವೂ ಅಡಕವಾಗಿರುತ್ತವೆ. ಗೃಹಶಕಟವೆಂಬುದು ನಾನಿಟ್ಟ ಹೆಸರು. ಒಪ್ಪದವರು ಮನೆಬಂಡಿ ಎನ್ನಬಹುದು.

ಅದು ಮನೆಯಂತೆ ಕಾಣುವುದೇ ಎಲ್ಲ ತೊಡಕಿಗೂ ಮೂಲ. ರೈಲಿಗೆ ಹೊರಟವರು ಎರಡು ಪೆಟ್ಟಿಗೆಗಳಿಗೆ ತೃಪ್ತರಾಗುತ್ತಾರೆ. ಮನೆಯೇ ಚಕ್ರದ ಮೇಲೆ ಬರುತ್ತದೆಂದು ತಿಳಿದೊಡನೆ ಅಕ್ಕಿಯ ಮೂಟೆ, ದೋಸೆಯ ಕಾವಲಿ, ಶ್ಯಾವಿಗೆಯ ಒತ್ತು, ಮಕ್ಕಳ ಮೂರುಗಾಲಿಯ ಬಂಡಿ, ಎಲ್ಲವೂ ಬಾಗಿಲ ಬಳಿ ಬಂದು ಸಾಲುಗಟ್ಟುತ್ತವೆ. “ಇರಲಿ, ಜಾಗವಿದೆಯಲ್ಲ!” ಎಂಬ ಮಾತು ಎಲ್ಲರ ಬಾಯಲ್ಲಿಯೂ. ಜಾಗವಿರುವುದು ನಿಜ, ಆದರೆ ಬಂಡಿಯ ಲೆಕ್ಕ ಜಾಗದಲ್ಲಲ್ಲ, ತೂಕದಲ್ಲಿ. ಹಿಂದೆ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದಾಗ ಭಾರ ಹೆಚ್ಚಾದರೆ ಎತ್ತುಗಳೇ ಅದನ್ನು ತಿಳಿಸುತ್ತಿದ್ದವು. ಏರಿನಲ್ಲಿ ಬುಸುಗುಟ್ಟಿ ನಿಂತುಬಿಡುತ್ತಿದ್ದವು. ಗಂಡಸರು ಕೆಳಗಿಳಿದು ನಡೆಯುತ್ತಿದ್ದರು. ಯಂತ್ರಕ್ಕೆ ಆ ಬಾಯಿಲ್ಲ. ಅದು ಸುಮ್ಮನೆ ಎಳೆಯುತ್ತದೆ. ಗಾಲಿಯ ರಬ್ಬರು ಕಾದು ಸಿಡಿದಾಗಲೋ, ಇಳಿಜಾರಿನಲ್ಲಿ ಬ್ರೇಕು ಸಾಲದೆ ಹೋದಾಗಲೋ ಮಾತ್ರ ಸತ್ಯವು ಹೊರಬೀಳುತ್ತದೆ.

ಎತ್ತಿನ ಬಾಯಿಗೆ ಬದಲಾಗಿ ಆ ದೇಶದ ಕಾಯಿದೆಯು ಒಂದು ಚೀಟಿಯನ್ನು ಏರ್ಪಡಿಸಿದೆ. ಬಂಡಿಯ ಬಾಗಿಲ ಬಳಿ ಅಂಟಿಸಿರುವ ಆ ಚೀಟಿಯಲ್ಲಿ, ಒಳಗೆ ಕೂರುವ ಜನ ಮತ್ತು ಸಾಮಾನುಗಳ ಒಟ್ಟು ತೂಕ ಎಷ್ಟನ್ನು ಮೀರಕೂಡದೆಂದು ನಮೂದಿಸಿರುತ್ತದೆ. ಅದು ೬೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನಾಲ್ವರು ದೊಡ್ಡವರು ತಲೆಗೆ ೬೫ರಂತೆ ೨೬೦. ಇಬ್ಬರು ಮಕ್ಕಳೂ ಅವರ ಪೀಠಗಳೂ ಸೇರಿ ಸುಮಾರು ೫೦. ಉಳಿದುದು ೨೯೦. ನೀರಿನ ತೊಟ್ಟಿ ೧೫೦ ಲೀಟರು ಹಿಡಿಯುವುದಾದರೆ, ಲೀಟರಿಗೆ ಒಂದು ಕಿಲೋಗ್ರಾಮಿನಂತೆ ಅದೇ ೧೫೦. ಇನ್ನು ಹಾಸಿಗೆ, ಹೊದಿಕೆ, ಪಾತ್ರೆ, ಬಟ್ಟೆ, ಆಹಾರ ಎಲ್ಲಕ್ಕೂ ಕೂಡಿ ಉಳಿಯುವುದು ೧೪೦ ಮಾತ್ರ. ತಂಗುವ ಸ್ಥಳದಲ್ಲಿ ನೀರು ದೊರೆಯುವುದು ನಿಶ್ಚಯವಾಗಿದ್ದರೆ ತೊಟ್ಟಿಯನ್ನು ಪೂರ್ತಿ ತುಂಬದೆ ಹೊರಡಬಹುದು. ಅಕ್ಕಿಯಂತೂ ಆ ದೇಶದ ಪ್ರತಿ ಊರಿನಲ್ಲಿಯೂ ಸಿಕ್ಕುತ್ತದೆ.

ತೂಕಕ್ಕಿಂತಲೂ ಗುರುತರವಾದ ವಿಷಯ ಮತ್ತೊಂದುಂಟು. ಓಡುತ್ತಿರುವ ಬಂಡಿಯಲ್ಲಿ ಮಂಚವಿದೆ. ಮಗುವಿಗೆ ನಿದ್ದೆ ಬಂದಿದೆ. “ಪಾಪ, ಮಲಗಲಿ ಬಿಡಿ” ಎಂದು ಮೊದಲು ಹೇಳುವವರು ನಮ್ಮಂಥ ಅಜ್ಜಅಜ್ಜಿಯರೇ. ಇದು ಸರ್ವಥಾ ಕೂಡದು. ಬಂಡಿ ಚಲಿಸುತ್ತಿರುವಷ್ಟು ಕಾಲವೂ ಮಗು ತನ್ನ ಸುರಕ್ಷಾಪೀಠದಲ್ಲಿ ಪಟ್ಟಿ ಬಿಗಿದುಕೊಂಡೇ ಇರತಕ್ಕದ್ದು, ನಿದ್ದೆಯೂ ಅಲ್ಲಿಯೇ. ಈ ಬಂಡಿಗಳಲ್ಲಿ ಪಕ್ಕಕ್ಕೆ ಮುಖಮಾಡಿದ ಆಸನಗಳೂ ಇರುತ್ತವೆ. ಅವುಗಳ ಮೇಲೆ ಮಗುವಿನ ಪೀಠವನ್ನು ಕಟ್ಟಲಾಗದು. ಮುಂದಕ್ಕೆ ಮುಖಮಾಡಿದ, ಪಟ್ಟಿಯುಳ್ಳ ಆಸನಗಳು ಎಷ್ಟಿವೆಯೆಂಬುದನ್ನು ಬಾಡಿಗೆ ಗೊತ್ತುಮಾಡುವ ಮುನ್ನವೇ ಕೇಳಿಕೊಳ್ಳಬೇಕು. ಆರು ಮಂದಿ ಮಲಗಬಹುದೆಂದು ಹೇಳುವ ಬಂಡಿಯಲ್ಲಿ ಆರು ಮಂದಿ ಕ್ಷೇಮವಾಗಿ ಕುಳಿತು ಪ್ರಯಾಣಮಾಡಬಹುದೆಂದು ಭಾವಿಸತಕ್ಕದ್ದಲ್ಲ.

ತಾಯಿಯೂ ಅಷ್ಟೇ. ಬಂಡಿ ಓಡುತ್ತಿರುವಾಗ ಎದ್ದು ಹೋಗಿ ಹಾಲು ಕಾಯಿಸುವುದು, ಕಪಾಟು ತೆಗೆದು ಚಡ್ಡಿ ಹುಡುಕುವುದು, ಇವೆಲ್ಲ ಅಪಾಯದ ಕೆಲಸ. ಆದುದರಿಂದಲೇ ಈ ಪ್ರಯಾಣದಲ್ಲಿ ಸಾಮಾನುಗಳನ್ನು ಜಾತಿಯಂತೆ ವಿಂಗಡಿಸದೆ ವೇಳೆಯಂತೆ ವಿಂಗಡಿಸಬೇಕೆಂದು ನನ್ನ ಅಭಿಪ್ರಾಯ. ಬಟ್ಟೆಯೆಲ್ಲ ಒಂದು ಕಡೆ, ತಿಂಡಿಯೆಲ್ಲ ಒಂದು ಕಡೆ ಎಂಬುದು ಮನೆಯ ಕ್ರಮ. ಇಲ್ಲಿ, ಓಡುವಾಗ ಬೇಕಾಗುವುದು ಒಂದು ಚೀಲ. ನಿಂತೊಡನೆ ಬೇಕಾಗುವುದು ಒಂದು. ರಾತ್ರಿಗೆ ಬೇಕಾಗುವುದು ಮತ್ತೊಂದು. ಮೊದಲನೆಯ ಚೀಲವು ಪಟ್ಟಿ ಬಿಗಿದು ಕುಳಿತ ದೊಡ್ಡವರೊಬ್ಬರ ಕೈಗೆ ಎಟುಕುವಂತಿರಬೇಕು. ಕುಡಿಯುವ ನೀರು, ಒದ್ದೆಬಟ್ಟೆ, ಒಂದು ಜೊತೆ ಉಡುಪು, ಅವಲಕ್ಕಿಯೋ ಮಂಡಕ್ಕಿಯೋ ಒಂದು ಡಬ್ಬಿ, ವಾಂತಿಗೆ ನಾಲ್ಕಾರು ಕಾಗದದ ಚೀಲ, ಇಷ್ಟು ಅದರಲ್ಲಿದ್ದರೆ ಯಥೇಷ್ಟ. ಬೆಟ್ಟದ ತಿರುವುಗಳಲ್ಲಿ ಚಿತ್ರದ ಪುಸ್ತಕವನ್ನು ಕೊಟ್ಟರೆ ಮಗುವಿಗೆ ತಲೆ ತಿರುಗುತ್ತದೆ, ಕಿಟಕಿಯಾಚೆಗೆ ನೋಡಿಸಬೇಕು. ವೈದ್ಯರನ್ನು ಕೇಳದೆ ವಾಂತಿಯ ಔಷಧವನ್ನು ಕೊಡಕೂಡದು.

ಭಾರವಾದುವನ್ನು ತಳದಲ್ಲಿಯೇ ಇಡಬೇಕು. ತಲೆಯ ಮೇಲಣ ಕಪಾಟಿನಲ್ಲಿ ಕುಕ್ಕರನ್ನಿಟ್ಟು ಹೊರಟರೆ, ಬಂಡಿ ತಟಕ್ಕನೆ ನಿಂತಾಗ ಕುಕ್ಕರು ನಿಲ್ಲುವುದಿಲ್ಲ. ಬಂಡಿಯಿದ್ದ ವೇಗದಲ್ಲಿಯೇ ಅದು ಮುಂದಕ್ಕೆ ಬರುತ್ತದೆ.

ಹಾಗೆಂದು ಕುಕ್ಕರನ್ನೇ ಬಿಟ್ಟುಹೋಗಿರೆಂದು ಹೇಳುತ್ತಿಲ್ಲ. ೧೮೭೨ರಲ್ಲಿ ಸ್ಥಾಪಿತವಾದ ಯೆಲ್ಲೊಸ್ಟೋನ್ ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಇಂಥ ಬಂಡಿಗಳು ಬಹಳವಾಗಿ ಹೋಗುತ್ತವೆ. ಅಲ್ಲಿನ ಮಹಾಸರೋವರವು ಸಮುದ್ರಮಟ್ಟದಿಂದ ಸುಮಾರು ೨,೩೫೦ ಮೀಟರು ಎತ್ತರದಲ್ಲಿದೆ. ಆ ಎತ್ತರದಲ್ಲಿ ನೀರು ಸುಮಾರು ೯೨ ಡಿಗ್ರಿಯಲ್ಲಿಯೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆಯನ್ನಿಟ್ಟರೆ ಮಕ್ಕಳು ಹಸಿದು ಅತ್ತು ಮಲಗಿದರೂ ಅದು ಬೇಯದು. ಒತ್ತಡದ ಪಾತ್ರೆಯೊಂದು ಅಲ್ಲಿ ನಿಜವಾದ ಪಾಥೇಯ. ಬೇಸಗೆಯ ನಡುವೆಯೂ ಅಲ್ಲಿನ ರಾತ್ರಿಯ ಚಳಿ ಹೆಪ್ಪುಗಟ್ಟುವ ಮಟ್ಟಕ್ಕಿಳಿಯುವುದುಂಟು. ಆದುದರಿಂದ ಮಕ್ಕಳಿಗೆ ಉಣ್ಣೆಯ ಟೋಪಿ, ಕಾಲುಚೀಲಗಳು ಬೇಕೇಬೇಕು. ಹಗಲಿನ ಬಿಸಿಲನ್ನು ನೋಡಿ ಮೋಸಹೋಗಬಾರದು.

ಕರಡಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಆ ಉದ್ಯಾನದಲ್ಲಿ ಕರಡಿ, ತೋಳಗಳಿಂದ ೯೧ ಮೀಟರು, ಕಾಡೆಮ್ಮೆ ಮೊದಲಾದುವುಗಳಿಂದ ೨೩ ಮೀಟರು ದೂರವಿರಬೇಕೆಂಬುದು ನಿಯಮ. ವಾಸನೆಯುಳ್ಳ ಯಾವ ಪದಾರ್ಥವನ್ನೂ, ಹಲ್ಲುಜ್ಜುವ ಲೇಪವನ್ನು ಕೂಡ, ಹೊರಗೆ ಬಿಡಕೂಡದು. ಊಟವಾದ ಮೇಲೆ ಮಗುವಿನ ಎದೆಬಟ್ಟೆಯನ್ನು ಹೊರಗೆ ಒಣಹಾಕುವುದು ನಮ್ಮ ಹೆಂಗಸರ ಅಭ್ಯಾಸ. ಅಲ್ಲಿ ಅದನ್ನು ಬಿಡಬೇಕು. ಉದ್ಯಾನದ ಬಹುಭಾಗದಲ್ಲಿ ದೂರವಾಣಿಯ ಸಂಪರ್ಕವೂ ಇಲ್ಲವಾದುದರಿಂದ ದಾರಿಯ ನಕ್ಷೆಯನ್ನೂ, ಮಗುವಿನ ಜ್ವರದ ಔಷಧದ ಪ್ರಮಾಣವನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು.

ಔಷಧವೆಂದಾಗ ಹಿರಿಯರಿಗೆ ಒಂದು ಮಾತು. ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ವಾರದ ಏಳು ಮನೆಗಳುಳ್ಳ ಡಬ್ಬಿಯಲ್ಲಿ ತುಂಬಿ ತಲೆದಿಂಬಿನ ಪಕ್ಕದಲ್ಲಿಡುವುದು ನಮ್ಮಲ್ಲಿ ಹಲವರ ರೂಢಿ. ಮನೆಯಲ್ಲಾದರೆ ನಮ್ಮ ಕೋಣೆ ಬೇರೆ, ಮಕ್ಕಳ ಕೋಣೆ ಬೇರೆ. ಬಂಡಿಯಲ್ಲಿ ಎಲ್ಲರದೂ ಒಂದೇ ಕೋಣೆ. ಎಲ್ಲ ಸೆಳೆಖಾನೆಗಳೂ ಎರಡು ವರ್ಷದ ಮಗುವಿನ ಎತ್ತರಕ್ಕೇ ಇವೆ. ಬಣ್ಣದ ಮಿಠಾಯಿಯಂತೆ ಕಾಣುವ ಅಂಥ ಗುಳಿಗೆ ಒಂದೆರಡೇ ಆದರೂ ಮಗುವಿನ ಪ್ರಾಣಕ್ಕೆ ಎರವಾಗಬಲ್ಲುದು. ಬೀಗವುಳ್ಳ ಪುಟ್ಟ ಪೆಟ್ಟಿಗೆಯೊಂದನ್ನು ಕೊಂಡು, ಅದನ್ನು ಮೇಲಿನ ಕಪಾಟಿನಲ್ಲಿಟ್ಟು, ಬೀಗದಕೈಯನ್ನು ಜನಿವಾರಕ್ಕೋ ಸೆರಗಿಗೋ ಕಟ್ಟಿಕೊಳ್ಳಿರಿ. ಆ ದೇಶದಲ್ಲಿ ವಿಷಪ್ರಾಶನದ ಬಗ್ಗೆ ಹಗಲಿರುಳೂ ಸಲಹೆ ಕೊಡುವ ದೂರವಾಣಿಯ ಸಂಖ್ಯೆ ೧-೮೦೦-೨೨೨-೧೨೨೨. ಅದನ್ನೂ ಆ ಕಾಗದದ ಮೇಲೆಯೇ ಬರೆದುಕೊಳ್ಳಿರಿ.

ಮಕ್ಕಳ ಆಟಿಕೆಗಳನ್ನು ಮಕ್ಕಳೇ ಆರಿಸಲಿ. ತಲೆಗೊಂದು ಚೀಲ, ಅದನ್ನು ಅವರೇ ಹೊತ್ತು ಬಾಗಿಲಿನಿಂದ ಬಂಡಿಯವರೆಗೆ ನಡೆಯಬೇಕು, ಹೊರಲಾರದುದು ಮನೆಯಲ್ಲಿ ಉಳಿಯಲಿ. ನಾಲ್ಕು ವರ್ಷದ ಮಗುವಿಗೂ ಈ ನ್ಯಾಯ ತಿಳಿಯುತ್ತದೆ. ನಾವು ಆರಿಸಿಕೊಟ್ಟುದನ್ನು ಬೇಡವೆನ್ನುವ ಮಗು ತಾನು ಬಿಟ್ಟುಬಂದುದಕ್ಕೆ ಅಷ್ಟಾಗಿ ಅಳುವುದಿಲ್ಲ. ಆದರೆ ರಾತ್ರಿ ಮುಖಕ್ಕೊತ್ತಿಕೊಂಡು ಮಲಗುವ ಹಳೆಯ ಬಟ್ಟೆಯೋ, ಅಜ್ಜಿಯ ಸೀರೆಯಿಂದ ಹೊಲಿದ ಕೌದಿಯ ತುಂಡೋ ಇದ್ದರೆ, ಅದನ್ನು ಈ ಲೆಕ್ಕಕ್ಕೆ ಸೇರಿಸದೆ ರಾತ್ರಿಯ ಚೀಲದ ಮೇಲ್ಭಾಗದಲ್ಲಿಯೇ ಇಡತಕ್ಕದ್ದು. ಅಪರಿಚಿತವಾದ ಕಾಡಿನ ಕತ್ತಲೆಯಲ್ಲಿ ಆ ಮಗುವಿಗೆ ಮನೆಯೆಂದರೆ ಅಷ್ಟೇ.

ಇಷ್ಟೆಲ್ಲವನ್ನೂ ಕಟ್ಟುವವರು ಯಾರು? ಬಹುತೇಕ ಸಂಸಾರಗಳಲ್ಲಿ ಮಕ್ಕಳ ತಾಯಿಯೊಬ್ಬಳೇ. ಅವಳು ಹಗಲು ಉದ್ಯೋಗಕ್ಕೆ ಹೋಗಿ ಬಂದು, ಮಕ್ಕಳು ಮಲಗಿದ ಮೇಲೆ ಮಧ್ಯರಾತ್ರಿಯವರೆಗೆ ಪಟ್ಟಿ ಬರೆಯುತ್ತಾಳೆ; ಮರುದಿನ ಏನಾದರೂ ಮರೆತಿದ್ದರೆ ಎಲ್ಲರೂ ಅವಳ ಮುಖವನ್ನೇ ನೋಡುತ್ತಾರೆ. ಇದು ಅನ್ಯಾಯ. ಬಂಡಿಯ ಚೀಟಿ, ನೀರು, ಅನಿಲ, ಪೀಠದ ಪಟ್ಟಿ, ಇವು ಮಗನ ಪಾಲು. ಗುಳಿಗೆಯ ಪೆಟ್ಟಿಗೆಯೂ ಕಾಗದದ ನಕ್ಷೆಯೂ ಅಜ್ಜನದು. ಅಡಿಗೆಯ ಸಾಮಾನನ್ನು ಅತ್ತೆಯವರು ನೋಡಿಕೊಳ್ಳಲಿ. ಆದರೆ ಅವರ ಕೈಗೆ ತೂಗುವ ತಕ್ಕಡಿಯೊಂದನ್ನು ಕೊಟ್ಟಿರಬೇಕು.

ಶೀತಪೆಟ್ಟಿಗೆಯ ಬಗ್ಗೆ ಒಂದಿಷ್ಟು. ಅನೇಕ ಬಂಡಿಗಳಲ್ಲಿ ಅದು ಅನಿಲದಿಂದ ನಡೆಯುವಂಥದು. ತಣ್ಣಗಾಗಲು ಬಹಳ ಗಂಟೆಗಳು ಹಿಡಿಯುತ್ತವೆ. ಹಿಂದಿನ ದಿನವೇ, ಸಮತಟ್ಟಾದ ನೆಲದಲ್ಲಿ ಬಂಡಿಯನ್ನು ನಿಲ್ಲಿಸಿ ಅದನ್ನು ಹಚ್ಚಿಡಬೇಕು. ಹಾಲು ಹೆಪ್ಪುಹಾಕುವುದು ರಾತ್ರಿ ತಂಗಿದ ಮೇಲೆ. ಓಡುವ ಬಂಡಿಯಲ್ಲಿ ಮೊಸರು ಗಟ್ಟಿಯಾಗದು. ಬೆಳಗ್ಗೆ ಹೊರಡುವಾಗ ಆ ಪಾತ್ರೆಯನ್ನು ಮುಚ್ಚಳ ಬಿಗಿದು ಶೀತಪೆಟ್ಟಿಗೆಯೊಳಗಿಟ್ಟು, ಅದರ ಬಾಗಿಲಿಗೂ ಕಪಾಟುಗಳಿಗೂ ಚಿಲಕ ಬಿದ್ದಿದೆಯೇ ಎಂದು ಒಬ್ಬರು ಕೈಯಿಂದ ಎಳೆದು ನೋಡಿದ ಮೇಲೆಯೇ ಬಂಡಿಯನ್ನು ಹೊರಡಿಸಬೇಕು.