ಬೆಂಗಳೂರಿನ ಮಾತು ವ್ಯರ್ಥವಾಗಲಿಲ್ಲ

ದಕ್ಷಿಣ ಏಷ್ಯಾ ದೇಶಗಳ ಸಂಘಟನೆಯಾದ ಸಾರ್ಕ್ ಬರೀ ಫೋಟೊ ತೆಗೆಸಿಕೊಳ್ಳುವ ಕೂಟ, ಕೊಪ್ಪಳ ಜಿಲ್ಲೆಯ ಅಳವಂಡಿಯ ರೈತನಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಈಚಿನ ಲೇಖನದ ವಾದ ಒಪ್ಪತಕ್ಕದ್ದಲ್ಲ.

1986ರ ನವೆಂಬರಿನಲ್ಲಿ ಸಾರ್ಕ್‌ನ ಏಳು ದೇಶಗಳ ನಾಯಕರು ಬೆಂಗಳೂರಿನಲ್ಲಿ ಸೇರಿದರು. ಕಾಠ್ಮಂಡುವಿನಲ್ಲಿ ಕಾಯಂ ಕಚೇರಿ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲೇ. ಎರಡು ತಿಂಗಳಲ್ಲಿ ಕಚೇರಿ ಶುರುವಾಯಿತು. ಎರಡು ದೇಶಗಳ ನಡುವಿನ ತಂಟೆಗಳನ್ನು ಸಭೆಯಲ್ಲಿ ಎತ್ತಲು ಸಾರ್ಕ್ ಸನ್ನದು ಬಿಡುವುದಿಲ್ಲ, ನಿಜ. ಆದರೂ ಪ್ರಧಾನಿ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಅದೇ ಊರಿನಲ್ಲಿ ಶ್ರೀಲಂಕಾ ತಮಿಳರ ಪ್ರಶ್ನೆಯನ್ನು ಕೂತು ಮಾತಾಡಿದರು.

2014ರ ನಂತರ ಶೃಂಗಸಭೆಯೇ ನಡೆದಿಲ್ಲ. ಮಾತು ಬಿಟ್ಟ ಮೇಲಿನ ನಷ್ಟವನ್ನು ಮಾತಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಇನ್ನು ರೈತನ ವಿಷಯ. ನೆರೆಯ ದೇಶಗಳ ಜೊತೆಗಿನ ಮಾತುಕತೆ ಅವನ ಹೊಲದ ತನಕ ತಟ್ಟುತ್ತದೆ. ಸಾರ್ಕ್ ಆಚೆಗಿನ ಮ್ಯಾನ್ಮಾರ್ ಜೊತೆ 2021ರಲ್ಲಿ ಆದ ಒಪ್ಪಂದ ವರ್ಷಕ್ಕೆ 1 ಲಕ್ಷ ಟನ್ ತೊಗರಿ ತರಿಸಲು ಅವಕಾಶ ಕೊಟ್ಟಿತ್ತು. ಸುಗ್ಗಿಯ ಹೊತ್ತಿಗೇ ಹೊರಗಿನ ತೊಗರಿ ಬಂದಿಳಿದರೆ ಎರೆ ಹೊಲದ ತೊಗರಿಯ ಧಾರಣೆಗೆ ಪೆಟ್ಟು. ಯಾವ ತಿಂಗಳು ತರಿಸಬೇಕೆಂಬುದೂ ಆ ಮಾತುಕತೆಯಲ್ಲೇ ತೀರ್ಮಾನವಾಗಬೇಕು.