ಅಡ್ವಾನ್ಸ್ ಕಟ್ಟುವ ಮೊದಲು ಇದನ್ನು ಓದಿ

ವಿದೇಶಕ್ಕೆ ಎಂಬಿಬಿಎಸ್ ಓದಲು ಮಕ್ಕಳನ್ನು ಕಳಿಸಲು ಹೊರಟ ಅಪ್ಪ ಅಮ್ಮಂದಿರೇ, ನೀಟ್ ಬರೆದು ಮುಂದೇನೆಂದು ಕಾಯುತ್ತಿರುವ ಮಕ್ಕಳೇ,

ನೀಟ್ ಫಲಿತಾಂಶ ಬಂದರೆ ಸಾಕು, ಕೊಚ್ಚಿಯ ಹೋಟೆಲ್ ಹಾಲ್‌ಗಳಲ್ಲೂ ತಿರುವನಂತಪುರದ ಆಡಿಟೋರಿಯಂಗಳಲ್ಲೂ ವಿದೇಶಿ ಎಂಬಿಬಿಎಸ್ ಮೇಳಗಳು ಶುರುವಾಗುತ್ತವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ರಾತ್ರಿ ರೈಲು ಹತ್ತಿ, ಮಾರ್ಕ್ಸ್ ಕಾರ್ಡುಗಳ ಫೈಲು ಹಿಡಿದು ನಮ್ಮವರೂ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಕೈಗೇ ಈ ಕಾಗದ ಕೊಡುತ್ತಿದ್ದೇವೆ. ನಾವು ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿದ ಕನ್ನಡದ ಮನೆಯವರು. ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಪೋಷಕರು. ಹೊರಗೆ ಓದಿ ಬಂದು ಇಲ್ಲಿ ನೋಂದಣಿ ಪಡೆದ ವೈದ್ಯರು. ಯಾವ ಕಾಲೇಜಿನಿಂದಲೂ ಯಾವ ಏಜೆಂಟರಿಂದಲೂ ನಮಗೆ ಒಂದು ರೂಪಾಯಿ ಬರುವುದಿಲ್ಲ.

ಹೊರದೇಶಕ್ಕೆ ಹೋಗಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಇಲ್ಲಿನ ಖಾಸಗಿ ಕಾಲೇಜಿನ ಫೀಸು ಕೇಳಿ ಎದೆ ಒಡೆದುಕೊಂಡವರ ಸಂಕಟ ನಮಗೆ ಗೊತ್ತು. ಕೇಳಿಕೊಳ್ಳುವುದು ಇಷ್ಟು: ಸೀಟು ಎಲ್ಲಿ ಬೇಗ ಸಿಗುತ್ತದೆ ಎಂಬುದನ್ನು ಬದಿಗಿಡಿ. ಓದು ಮುಗಿಸಿ ಬಂದ ಮಗುವಿಗೆ ಇಲ್ಲಿ ವೈದ್ಯವೃತ್ತಿಯ ನೋಂದಣಿ ಸಿಗುತ್ತದೆಯೇ ಎಂಬುದನ್ನು ಮುಂದಿಟ್ಟುಕೊಂಡು ಕಾಲೇಜು ಆರಿಸಿ.

ಮೇಳದ ಬ್ಯಾನರುಗಳಲ್ಲಿ ಎರಡು ಮಾತು ತಪ್ಪದೆ ಕಾಣುತ್ತವೆ: 'ಎನ್‌ಎಂಸಿ ಅಂಗೀಕೃತ', 'ಡಬ್ಲ್ಯುಎಚ್‌ಒ ಮಾನ್ಯತೆ'. ಎರಡನ್ನೂ ನಂಬಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ವಿದೇಶಿ ಕಾಲೇಜುಗಳಿಗೆ ಅಂಗೀಕಾರ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವೈದ್ಯಕೀಯ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯೇ ಅಲ್ಲ. ವೈದ್ಯಕೀಯ ಶಾಲೆಗಳ ವಿಶ್ವ ಕೈಪಿಡಿಯಲ್ಲಿ ಹೆಸರಿದೆ ಎಂದು ಪುಟ ತೆರೆದು ತೋರಿಸುತ್ತಾರೆ. ಆ ಹೆಸರಿನಿಂದ ತಿಳಿಯುವುದು ಅಂಥ ಕಾಲೇಜು ಇದೆ ಎಂಬುದಷ್ಟೆ. ಅದರ ಗುಣಮಟ್ಟಕ್ಕೆ ಆ ಪಟ್ಟಿ ಜಾಮೀನು ನಿಲ್ಲುವುದಿಲ್ಲ.

ಎನ್‌ಎಂಸಿ ಮಾಡಿರುವುದು ನಿಯಮ. ಅದನ್ನು ಪಾಲಿಸಿ ಓದಿದ್ದೇವೆಂದು ರುಜುವಾತು ಮಾಡುವ ಹೊಣೆ ಪೂರ್ತಿ ವಿದ್ಯಾರ್ಥಿಯದು. 2021ರ ನವೆಂಬರ್ 18ರಂದು ಬಂದ ಆ ನಿಯಮಾವಳಿಯನ್ನು ಮನೆಯಲ್ಲಿ ಒಬ್ಬರಾದರೂ ಕೂತು ಓದಲೇಬೇಕು. ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ಪನ್ನು ಅದೇ ವಿದೇಶಿ ಕಾಲೇಜಿನಲ್ಲೇ ಮುಗಿಸಬೇಕು. ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು. ಓದು, ಪ್ರಾಯೋಗಿಕ ತರಬೇತಿ, ಇಂಟರ್ನ್‌ಶಿಪ್ ಎಲ್ಲವೂ ಒಂದೇ ಸಂಸ್ಥೆಯಲ್ಲಿ ಆಗಬೇಕು. ಎರಡು ವರ್ಷ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಎಂದರೆ ನಡೆಯದು. 'ಇಷ್ಟವಾಗದಿದ್ದರೆ ಮುಂದಿನ ವರ್ಷ ಟ್ರಾನ್ಸ್‌ಫರ್ ಮಾಡಿಸೋಣ' ಎಂದು ಯಾರಾದರೂ ಅಂದರೆ ಆ ಕುರ್ಚಿಯಿಂದ ಎದ್ದು ಬನ್ನಿ. ಊರಿಗೆ ಮರಳಿದ ಮೇಲೆ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್ ಇದೆ. ಇದೆಲ್ಲವೂ ಕೋರ್ಸಿಗೆ ಸೇರಿದ ದಿನದಿಂದ ಹತ್ತು ವರ್ಷದೊಳಗೆ ಮುಗಿಯಬೇಕು.

ಇದೇ ನಿಯಮದಲ್ಲಿ ಇನ್ನೊಂದು ಷರತ್ತಿದೆ. ಮೇಳದಲ್ಲಿ ಯಾರೂ ತಾವಾಗಿ ಅದರ ಮಾತೆತ್ತುವುದಿಲ್ಲ. ಓದಿದ ದೇಶದಲ್ಲಿ ಅಲ್ಲಿನ ಪ್ರಜೆಗೆ ಸಿಗುವಂಥದೇ ಲೈಸೆನ್ಸ್ ನಿಮ್ಮ ಮಗುವಿಗೂ ಸಿಗುವಂತಿರಬೇಕು, ಅಲ್ಲಿನ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿಯಾಗಬೇಕು. ಡಿಗ್ರಿ ಕೊಟ್ಟು ಲೈಸೆನ್ಸ್ ಕೊಡದೆ ಕಳಿಸುವ ಕಡೆ ಓದಿದರೆ ಆರು ವರ್ಷ ನೀರಿಗೆ ಹೋದಂತೆ. ಆದ್ದರಿಂದ ಏಜೆಂಟರನ್ನು ನೇರವಾಗಿ ಕೇಳಿ: "ಈ ಕಾಲೇಜಿನಲ್ಲಿ ಓದಿದ ಭಾರತದ ವಿದ್ಯಾರ್ಥಿಗೆ ಆ ದೇಶದಲ್ಲೇ ಪ್ರಾಕ್ಟೀಸ್ ಮಾಡಲು ಲೈಸೆನ್ಸ್ ಕೊಡುತ್ತಾರಾ? ಕೊಟ್ಟಿದ್ದರೆ ಒಂದು ಪ್ರತಿ ತೋರಿಸಿ." ಬಾಯಿಮಾತು ಬೇಡ, ಕಾಗದ ಬೇಕು.

ಫಿಲಿಪೈನ್ಸ್‌ಗೆ ಹೋದವರನ್ನು ನೆನಪಿಸಿಕೊಳ್ಳಿ. ಅಲ್ಲಿ ಮೊದಲು ಬಿ.ಎಸ್., ಆಮೇಲೆ ನಾಲ್ಕು ವರ್ಷದ ಎಂ.ಡಿ. ನಾಲ್ಕು ವರ್ಷವೆಂದರೆ 48 ತಿಂಗಳು. 54 ತಿಂಗಳ ನಿಯಮ ಬಂದ ಕೂಡಲೇ ಆ ದಾರಿಗೇ ಪೆಟ್ಟು ಬಿತ್ತು. ಇವತ್ತು ಮೇಳದಲ್ಲಿ ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಉಜ್ಬೆಕಿಸ್ತಾನ, ಕಜಕಿಸ್ತಾನಗಳ ಮೇಜುಗಳಿವೆ. ಒಂದೊಂದು ಮೇಜಿನ ಮುಂದೆಯೂ ಕೂತು ತಿಂಗಳು ಲೆಕ್ಕ ಹಾಕಿ. 'ಆರು ವರ್ಷದ ಕೋರ್ಸ್' ಎಂದರೆ ಅದರೊಳಗೆ ಇಂಟರ್ನ್‌ಶಿಪ್ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ.

ಇನ್ನು ದುಡ್ಡಿನ ವಿಚಾರ. ಮೇಜಿನ ಮೇಲೆ ನಿಮ್ಮ ಕಡೆ ತಿರುಗಿಸಿ ಇಡುವ ಫೀಸಿನ ಹಾಳೆಯನ್ನು ನಿಧಾನವಾಗಿ ಓದಿ. ಮೇಲೆ ದಪ್ಪಕ್ಷರದಲ್ಲಿ 'ಪೂರ್ತಿ ಪ್ಯಾಕೇಜ್' ಎಂದು ರೂಪಾಯಿಯಲ್ಲಿ ಒಂದು ಮೊತ್ತ. ಕೆಳಗೆ ಸಣ್ಣಕ್ಷರದಲ್ಲಿ ವರ್ಷದ ಫೀಸು ಡಾಲರಿನಲ್ಲಿ. ರೂಪಾಯಿ ಬಿದ್ದಷ್ಟೂ ಮೇಲಿನ ಮೊತ್ತ ಏರುತ್ತದೆ, ಹಾಳೆ ಮಾತ್ರ ಹಾಗೇ ಇರುತ್ತದೆ. ಹಾಸ್ಟೆಲ್ ಎಂದಿದೆ, ಎಷ್ಟು ವರ್ಷಕ್ಕೆ? ಮೆಸ್ ಎಂದಿದೆ, ರಜೆಯ ತಿಂಗಳುಗಳಿಗೂ ಕಟ್ಟಬೇಕಾ? ಪ್ರತಿ ವರ್ಷ ವೀಸಾ ಮುಂದುವರಿಸುವ ಖರ್ಚು, ವಿಮೆ, ಚಳಿಗಾಲದ ಬಟ್ಟೆ, ಎರಡು ವರ್ಷಕ್ಕೊಮ್ಮೆಯಾದರೂ ಊರಿಗೆ ಬರುವ ಟಿಕೆಟ್, ಆಮೇಲೆ ಇಲ್ಲಿನ ಪರೀಕ್ಷೆಗೆ ಕೋಚಿಂಗ್: ಇವು ಆ ಹಾಳೆಯಲ್ಲಿ ಇರುವುದಿಲ್ಲ. ಜಾಗ ಅಡವಿಟ್ಟು ಸಾಲ ತೆಗೆಯುವ ಮನೆಗೆ ಈ ಬಿಟ್ಟುಹೋದ ಸಾಲುಗಳೇ ಆಮೇಲೆ ಭಾರವಾಗುವುದು. ರಸೀದಿ ಯಾರ ಹೆಸರಿನಲ್ಲಿದೆ ನೋಡಿ. ಏಜೆನ್ಸಿಯ ಹೆಸರಿನಲ್ಲಿದ್ದರೆ ಕಾಲೇಜಿನ ಜತೆ ನಿಮಗೆ ಯಾವ ವ್ಯವಹಾರವೂ ಆಗಿಲ್ಲ ಎಂದೇ ತಿಳಿಯಿರಿ. ಫೀಸನ್ನು ನಿಮ್ಮ ಬ್ಯಾಂಕಿನಿಂದ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಕಳಿಸಿ. ಅದಕ್ಕೆ ಏಜೆಂಟರು ಒಪ್ಪದಿದ್ದರೆ ಅಲ್ಲಿ ಮಾತು ಮುಗಿಯಿತು.

ಮಗು ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು. 2018ರಿಂದ ವಿದೇಶದಲ್ಲಿ ಓದುವವರಿಗೂ ಅದು ಕಡ್ಡಾಯ. 'ನೀಟ್ ಇಲ್ಲದೆಯೂ ಕಳಿಸುತ್ತೇವೆ' ಎನ್ನುವವರು ನಿಮ್ಮ ಮಗುವಿನ ಭವಿಷ್ಯವನ್ನೇ ಮಾರುತ್ತಿದ್ದಾರೆ.

ಓದು ಮುಗಿಸಿ ಬಂದವರು ಇಲ್ಲಿ ನೋಂದಣಿಗಾಗಿ ಬರೆಯಬೇಕಾದ ಪರೀಕ್ಷೆ ಎಫ್‌ಎಂಜಿಇ. ವರ್ಷಕ್ಕೆ ಎರಡು ಬಾರಿ, 300 ಪ್ರಶ್ನೆ, ಪಾಸಾಗಲು 150. ಈಚಿನ ಹಲವು ಬಾರಿ ಬರೆದ ಐವರಲ್ಲಿ ಪಾಸಾದದ್ದು ಒಬ್ಬರು, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ. ಉಳಿದವರು ದಡ್ಡರೇನಲ್ಲ. ತರಗತಿ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ರೋಗಿ ಮಾತಾಡುವುದು ರಷ್ಯನ್, ಜಾರ್ಜಿಯನ್, ಉಜ್ಬೆಕ್. ಆ ಭಾಷೆ ಬಾರದ ವಿದ್ಯಾರ್ಥಿ "ಎಲ್ಲಿ ನೋವು, ಯಾವಾಗಿನಿಂದ" ಎಂದು ಕೇಳಲಾರದೆ ಪ್ರೊಫೆಸರರ ಹಿಂದೆ ನಿಂತು ನೋಡಿ ಬರುತ್ತಾನೆ. ರೋಗಿಯನ್ನು ಮುಟ್ಟಿ ಕಲಿಯದೆ ಐದು ವರ್ಷ ಕಳೆದವನನ್ನು ಆ 300 ಪ್ರಶ್ನೆಗಳು ಸುಮ್ಮನೆ ಬಿಡುವುದಿಲ್ಲ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಹಾಸಿಗೆಗಳೆಷ್ಟು, ಸ್ಥಳೀಯ ಭಾಷೆಯನ್ನು ಎಷ್ಟು ಗಂಟೆ ಕಲಿಸುತ್ತಾರೆ, ಕೇಳಿ. ಈ ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಮಂಡಳಿ ಯಾವ ವಿದೇಶಿ ಕಾಲೇಜಿನಿಂದ ಎಷ್ಟು ಮಂದಿ ಬರೆದರು, ಎಷ್ಟು ಮಂದಿ ಪಾಸಾದರು ಎಂಬ ಪಟ್ಟಿಗಳನ್ನು ಪ್ರಕಟಿಸಿದೆ. ಏಜೆಂಟರ ಮುಂದೆಯೇ ಅದನ್ನು ಮೊಬೈಲಿನಲ್ಲಿ ತೆರೆದು ಆ ಕಾಲೇಜಿನ ಹೆಸರು ಹುಡುಕಿ. ನೂರು ಮಂದಿ ಬರೆದು ಹತ್ತು ಮಂದಿ ಪಾಸಾದ ಕಡೆಗೆ ಮಗುವನ್ನು ಕಳಿಸುವುದು ಬೇಡ.

ದೇಶ ಯಾವುದು ಎಂಬುದೂ ಮುಖ್ಯ. 2020ರಲ್ಲಿ ಭಾರತದ ಮೊದಲ ಮೂರು ಕೋವಿಡ್ ರೋಗಿಗಳು ತೃಶೂರು, ಆಲಪ್ಪುಳ, ನಮ್ಮದೇ ಕಾಸರಗೋಡು ಜಿಲ್ಲೆಯ ಕಾಞಂಗಾಡಿನವರು; ಮೂವರೂ ವುಹಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಮಕ್ಕಳು. ಚೀನಾಕ್ಕೆ ಹೋಗಿದ್ದ ಸಾವಿರಾರು ಮಂದಿ ಆಮೇಲೆ ಮನೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದರು. ಎನ್‌ಎಂಸಿ ಅದನ್ನು ಹಾಗೇ ಒಪ್ಪಲಿಲ್ಲ. 2022ರ ಜುಲೈನಲ್ಲಿ ಕೊನೆಯ ವರ್ಷದವರಿಗೆ ಒಂದು ಬಾರಿಯ ವಿನಾಯಿತಿ ಕೊಟ್ಟಾಗಲೂ ಇಲ್ಲಿ ಒಂದರ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕೆಂದಿತು. ಅದೇ ವರ್ಷದ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ, ಊಟದ ಸಾಮಾನು ತರಲು ಹೊರಗೆ ಬಂದಾಗ ದಾಳಿಗೆ ಬಲಿಯಾದ. ಉಕ್ರೇನಿನಲ್ಲಿ ಓದುತ್ತಿದ್ದ ಉಳಿದವರಲ್ಲಿ ಕೇರಳದವರನ್ನು ರಾಜ್ಯ ಸರಕಾರ ದೆಹಲಿಯಿಂದ ಕೊಚ್ಚಿಗೆ ವಿಮಾನದಲ್ಲಿ ಕರೆತಂದು, ನೆಡುಂಬಾಶ್ಶೇರಿಯಿಂದ ತಿರುವನಂತಪುರಕ್ಕೂ ಕಾಸರಗೋಡಿಗೂ ಬಸ್ಸಿನಲ್ಲಿ ಕಳಿಸಿತು. ಕಾಲೇಜಿನ ಹೆಸರು ಕೇಳುವ ಮೊದಲು ಆ ದೇಶದ ಗಡಿಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ.

ಹೊರಡುವ ಮೊದಲು ಇಲ್ಲಿನ ಬಾಗಿಲುಗಳನ್ನೆಲ್ಲ ತಟ್ಟಿದ್ದೀರಾ? ಕಾಸರಗೋಡಿನ ಕನ್ನಡ ಮಕ್ಕಳಿಗೆ ಎರಡು ಕಡೆ ಹಕ್ಕಿದೆ. ಒಂದು, ತಿರುವನಂತಪುರದ ಪ್ರವೇಶ ಪರೀಕ್ಷಾ ಆಯುಕ್ತರ ಮೂಲಕ ಕೇರಳದ ಸೀಟು. ಇನ್ನೊಂದು, ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಿ, ಕನ್ನಡ ಭಾಷಾ ಪರೀಕ್ಷೆ ಬರೆದು ಕೇಳಬಹುದಾದ ಕರ್ನಾಟಕದ ಸೀಟು. ಹೊರನಾಡ ಕನ್ನಡಿಗರಿಗೂ ಅಲ್ಲಿ ಅವಕಾಶವಿದೆ. ಆಯಾ ವರ್ಷದ ಕೈಪಿಡಿಯಲ್ಲಿ ಷರತ್ತು ಓದಿ. ಅರ್ಜಿಯ ದಿನಾಂಕ ತಪ್ಪಿಸಿಕೊಂಡು ಆಮೇಲೆ ಮೇಳಕ್ಕೆ ಬರುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕಾಸರಗೋಡಿನ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಯಿತು. 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ನಡುವಿನ ವರ್ಷಗಳಲ್ಲಿ ನಮ್ಮ ಎಷ್ಟೋ ಮಕ್ಕಳು ವಿಮಾನ ಹತ್ತಿದರು. ಆ ಸೀಟು ಹೆಚ್ಚಿಸಿ, ಆಸ್ಪತ್ರೆಯನ್ನು ಪೂರ್ತಿಗೊಳಿಸಿ ಎಂದು ನಿಮ್ಮ ಶಾಸಕರಿಗೆ, ಪಂಚಾಯತಿಗೆ ಇವತ್ತೇ ಬರೆಯಿರಿ.

ಇನ್ನೂ ಒಂದು ಬೇಡಿಕೆಗೆ ನಮ್ಮ ಜತೆ ನಿಲ್ಲಿ. ಕೆಲಸಕ್ಕೆ ಜನರನ್ನು ಹೊರದೇಶಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು. ಓದಲು ಕಳಿಸುವವರಿಗೆ ಆ ಕಾಯ್ದೆ ತಗಲುವುದಿಲ್ಲ. ಇವರಿಗೂ ನೋಂದಣಿ, ಠೇವಣಿ, ಲಿಖಿತ ಒಪ್ಪಂದ ಕಡ್ಡಾಯವಾಗಲಿ. ಆ ಒಪ್ಪಂದ ಕನ್ನಡದಲ್ಲೂ ಸಿಗಲಿ. ಮೋಸ ಹೋದವರು ನಾಚಿಕೆಯಿಂದ ಮನೆಯಲ್ಲಿ ಕೂರಬೇಡಿ. ಪೊಲೀಸರಿಗೆ ದೂರು ಕೊಡಿ, ತಿರುವನಂತಪುರದ ತೈಕ್ಕಾಡಿನಲ್ಲಿರುವ ನೋರ್ಕಾ ರೂಟ್ಸ್‌ಗೂ ತಿಳಿಸಿ. ಅಲ್ಲಿನ ಉಚಿತ ಸಂಖ್ಯೆ 1800 425 3939.

ಮೇಳದ ಒಳಗೆ ಹೋದ ಮೇಲೆ "ಎರಡೇ ಸೀಟು ಉಳಿದಿದೆ, ಇವತ್ತೇ ಕಟ್ಟಿ" ಎಂದು ಅವಸರ ಮಾಡುತ್ತಾರೆ. ಕಟ್ಟಬೇಡಿ. ಫೀಸಿನ ಹಾಳೆ ಮತ್ತು ಒಪ್ಪಂದದ ಪ್ರತಿ ಇಸಿದುಕೊಂಡು ಹೊರಗೆ ಬನ್ನಿ. ಮೇಳ ಮುಗಿಯುವವರೆಗೂ ನಾವು ಗೇಟಿನ ಬಳಿ ಇರುತ್ತೇವೆ, ನಮ್ಮಲ್ಲಿ ವಿದೇಶದಲ್ಲಿ ಓದಿ ಬಂದ ವೈದ್ಯರೂ ಇದ್ದಾರೆ. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತೇವೆ. ಮಗುವನ್ನೂ ಜತೆಗೆ ಕರೆತನ್ನಿ. ಓದಬೇಕಾದವರು ಅವರು, ಪ್ರಶ್ನೆಯನ್ನೂ ಅವರೇ ಕೇಳಲಿ.

ಕೊಚ್ಚಿ ಮತ್ತು ತಿರುವನಂತಪುರದ ಕನ್ನಡ ಪೋಷಕರು, ವೈದ್ಯರು