ಮಗುವಿಗೆ ಓದಲು ಬರುತ್ತದೆಯೇ, ಅಷ್ಟು ಹೇಳಿ

ಈ ವಾರ ನನ್ನನ್ನು ಕೆರಳಿಸಿದ್ದು ಒಂದು ಪ್ರಗತಿ ಪತ್ರ. ನಮ್ಮ ಬೀದಿಗೆ ಬೆಳಿಗ್ಗೆ ಸೊಪ್ಪು ತರುವ ಹೆಂಗಸು ಬುಟ್ಟಿ ಇಳಿಸಿ, ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ಕೈಗಿಟ್ಟರು. ‘ಅಕ್ಕಾ, ಶಾಲೆಲಿ ಕೊಟ್ಟವ್ರೆ. ನಮ್ಮ ಹುಡ್ಗಿಗೆ ಓದಕ್ಕೆ ಬತ್ತದೋ ಇಲ್ವೋ, ಎಲ್ಲಿ ಬರ್ದವ್ರೆ ನೋಡಿ’ ಎಂದರು. ಹುಡುಗಿ ನಾಲ್ಕನೇ ತರಗತಿ. ಹಾಳೆಯ ಎರಡೂ ಬದಿ ಓದಿದೆ. ‘ಸಾಮರ್ಥ್ಯಾಧಾರಿತ ಸೂಚಕಗಳು’ ಇದ್ದವು. ‘ಭಾಷಿಕ ಕ್ಷೇತ್ರದಲ್ಲಿ ನಿರೀಕ್ಷಿತ ಕಲಿಕಾಫಲದತ್ತ ಪ್ರಗತಿಶೀಲ’ ಎಂದಿತ್ತು. ‘ಸಹವರ್ತಿ ಬೆಂಬಲದೊಂದಿಗೆ ಅರಿವಿನ ವಿಸ್ತರಣೆ’ ಎಂದೂ ಇತ್ತು. ಓದಲು ಬರುತ್ತದೆ ಎಂದು ಎಲ್ಲಿಯೂ ಇರಲಿಲ್ಲ, ಬರುವುದಿಲ್ಲ ಎಂದೂ ಇರಲಿಲ್ಲ.

ಸಂಜೆ ಹುಡುಗಿಯನ್ನು ಕರೆಸಿ ಮೂರನೇ ತರಗತಿಯ ಕನ್ನಡ ಪುಸ್ತಕ ಕೊಟ್ಟು ಓದಿಸಿದೆ. ಸಣ್ಣ ಪದಗಳನ್ನು ಸಲೀಸಾಗಿ ಓದಿದಳು. ಕಾಗುಣಿತದಲ್ಲಿ ಅಲ್ಲಲ್ಲಿ ದೀರ್ಘ ತಪ್ಪುತ್ತಿತ್ತು. ‘ಅಪ್ಪ’, ‘ಹಬ್ಬ’ ದಾಟಿದಳು. ‘ಪುಸ್ತಕ’ ಎಂಬಲ್ಲಿ ತಡವರಿಸಿದಳು. ‘ಸೂರ್ಯ’ ಬಂದಾಗ ಓದು ನಿಲ್ಲಿಸಿ ನನ್ನ ಮುಖ ನೋಡಿದಳು. ಅದೇ ಅಕ್ಷರದ ಒತ್ತು ಗೊತ್ತು, ಬೇರೆ ಅಕ್ಷರದ ಒತ್ತು ಬಂದರೆ ಕಷ್ಟ, ಅರ್ಕಾವತ್ತು ಗೊತ್ತೇ ಇಲ್ಲ. ತಾಯಿಗೆ ಅಷ್ಟನ್ನೇ ಹೇಳಿದೆ. ‘ಒತ್ತಕ್ಷರ ತಾನೆ? ನಂಗೂ ಅಲ್ಲೇ ನಿಂತೋಗಿದ್ದು. ದಿನಾ ಒಂದೊಂದು ಬರೆಸ್ತೀನಿ ಬುಡಿ’ ಎಂದರು. ಒಂದು ಸಂಜೆಗೆ ಸಿಕ್ಕ ಈ ಉತ್ತರ ಇಡೀ ವರ್ಷದ ದಾಖಲೆಯಲ್ಲಿ ಯಾಕೆ ಇರಲಿಲ್ಲ ಎಂಬುದು ನನ್ನ ಸಿಟ್ಟಿಗೆ ಕಾರಣ.

ಪರಿಭಾಷೆಯ ಮೇಲೆ ನನಗೆ ದ್ವೇಷವಿಲ್ಲ. ಬಡಗಿಗೆ, ವೈದ್ಯರಿಗೆ, ವಕೀಲರಿಗೆ ಇರುವಂತೆ ಮೇಷ್ಟ್ರಿಗೂ ಕಸುಬಿನ ಮಾತು ಬೇಕು. ಕಾಗುಣಿತ, ಒತ್ತಕ್ಷರ, ಅರ್ಕಾವತ್ತು, ಮಗ್ಗಿ, ದಶಕ ಇವೂ ಪರಿಭಾಷೆಯೇ. ಅವು ಎಷ್ಟು ನಿಖರವೆಂದರೆ, ಮಗು ಎಲ್ಲಿ ಎಡವಿತು ಎಂಬುದನ್ನು ಬೆರಳಿಟ್ಟು ತೋರಿಸುತ್ತವೆ. ಎಷ್ಟು ಬಳಕೆಯವೆಂದರೆ, ಅರ್ಧಕ್ಕೆ ಶಾಲೆ ಬಿಟ್ಟ ತಾಯಿಗೂ ಗೊತ್ತು. ಶಿಕ್ಷಣದ ಯಾವುದೇ ಪದಕ್ಕೆ ನಾನು ಒಡ್ಡುವ ಪರೀಕ್ಷೆ ಇದೊಂದೇ: ನಾಳೆ ಬೆಳಿಗ್ಗೆ ಆ ಮಗುವಿನ ಜೊತೆ ಕೂತು ಏನು ಮಾಡಬೇಕು ಎಂಬುದನ್ನು ಅದು ಹೇಳುತ್ತದೆಯೇ? ಹೇಳಿದರೆ ಉಳಿಯಲಿ. ಹೇಳದಿದ್ದರೆ ಅದು ಯಾರಿಗೋ ರಕ್ಷಣೆ ಕೊಡಲು ಹುಟ್ಟಿದ ಪದ.

ಕಳೆದ ಎರಡು ದಶಕಗಳಲ್ಲಿ ನಮ್ಮ ಶಾಲೆಗಳ ಮೇಲೆ ಬಂದು ಬಿದ್ದ ಪದಗಳನ್ನು ನೆನಪಿಸಿಕೊಳ್ಳಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹಿಂದೆಯೇ ರಚನಾವಾದ ಬಂತು, ಮೇಷ್ಟ್ರು ಸುಗಮಕಾರರಾದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಬೆನ್ನಿಗೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು, ರೂಪಣಾತ್ಮಕ, ಸಂಕಲನಾತ್ಮಕ ಎಂಬ ಜೋಡಿ ಬಂತು, ಐದು ‘ಇ’ಗಳ ಪಾಠಯೋಜನೆ ಬಂತು. 2017ರಿಂದ ಕಲಿಕಾಫಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಎಫ್‌ಎಲ್‌ಎನ್ ಎಂಬ ಬುನಾದಿ ಓದು-ಲೆಕ್ಕ, 2021ರ ಜುಲೈನಲ್ಲಿ ನಿಪುಣ್ ಭಾರತ್. ಕೋವಿಡ್ ಮುಗಿದ ಮೇಲೆ ಕಲಿಕಾ ಚೇತರಿಕೆ, ಆಮೇಲೆ ಮರುಸಿಂಚನ, ಈಗ ಪಾಠ ಆಧಾರಿತ ಮೌಲ್ಯಾಂಕನ. ಒಂದೊಂದರ ಹಿಂದೆಯೂ ಒಳ್ಳೆಯ ವಿಚಾರ ಇದ್ದೇ ಇತ್ತು. ಆದರೆ ಒಂದು ಪದ ತರಗತಿಯೊಳಗೆ ಬೇರು ಬಿಡುವ ಮೊದಲೇ ಇನ್ನೊಂದರ ತರಬೇತಿಗೆ ಶಿಕ್ಷಕರಿಗೆ ಆದೇಶ ಬರುತ್ತದೆ. ಅಷ್ಟು ದಿನ ಅವರ ತರಗತಿ ಖಾಲಿ.

ಒಳ್ಳೆಯ ವಿಚಾರ ಹೇಗೆ ಕೆಡುತ್ತದೆ ಎಂಬುದಕ್ಕೆ ರೂಪಣಾತ್ಮಕ ಮೌಲ್ಯಮಾಪನವನ್ನೇ ತೆಗೆದುಕೊಳ್ಳೋಣ. ಮೌಲ್ಯಮಾಪನದ ಚಿಂತಕ ಮೈಕೆಲ್ ಸ್ಕ್ರಿವೆನ್ 1967ರಲ್ಲಿ ರೂಪಣಾತ್ಮಕ, ಸಂಕಲನಾತ್ಮಕ ಎಂಬ ಜೋಡಿ ಪದಗಳನ್ನು ಬಳಕೆಗೆ ತಂದಾಗ ಮಾತು ಪಠ್ಯಕ್ರಮದ ಕುರಿತಾಗಿತ್ತು. ಬೆಂಜಮಿನ್ ಬ್ಲೂಮ್ ಅದನ್ನು ಮಕ್ಕಳ ಕಲಿಕೆಗೆ ಹೊಂದಿಸಿದರು. ಸಾರ ಇಷ್ಟೇ: ಪಾಠ ನಡೆಯುತ್ತಿರುವಾಗಲೇ ಮಗುವಿಗೆ ಏನು ಅರ್ಥವಾಗಿಲ್ಲ ಎಂದು ತಿಳಿದುಕೊಂಡು, ಕಲಿಸುವ ರೀತಿಯನ್ನು ಅಲ್ಲೇ ಬದಲಿಸುವುದು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲೆನಾಡಿನ ಒಂದು ಸರ್ಕಾರಿ ಶಾಲೆ, ಮಳೆಗಾಲ. ಟೀಚರ್ ಹಲಗೆ ಮೇಲೆ 52ರಲ್ಲಿ 38 ಕಳೆಯಲು ಕೊಟ್ಟರು. ಒಬ್ಬ ಹುಡುಗ ಸ್ಲೇಟಿನಲ್ಲಿ 26 ಎಂದು ಬರೆದ. ಆಕೆ ‘ತಪ್ಪು’ ಎನ್ನಲಿಲ್ಲ. ‘ಹೇಗೆ ಬಂತಪ್ಪಾ, ನಂಗೆ ಹೇಳು’ ಎಂದರು. ‘ಎಂಟ್ರಲ್ಲಿ ಎರಡು ಹೋದ್ರೆ ಆರು, ಐದ್ರಲ್ಲಿ ಮೂರು ಹೋದ್ರೆ ಎರಡು ಟೀಚರ್’ ಎಂದ. ಮೇಲಿರಲಿ ಕೆಳಗಿರಲಿ, ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂಬ ನಿಯಮವನ್ನು ಅವನೇ ಕಟ್ಟಿಕೊಂಡಿದ್ದ. ಆಕೆ ಕಪಾಟಿನಿಂದ ಕಡ್ಡಿಗಳ ಡಬ್ಬ ತಂದರು. ರಬ್ಬರ್ ಬ್ಯಾಂಡ್ ಹಾಕಿದ ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಟ್ಟು, ‘ಇದ್ರಲ್ಲಿ ನಂಗೆ ಎಂಟು ಬಿಡಿ ಕಡ್ಡಿ ಕೊಡು’ ಎಂದರು. ಹುಡುಗ ಎರಡು ಕೊಟ್ಟ, ತಲೆ ಕೆರೆದುಕೊಂಡ, ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದ. ‘ಹಾಂ!’ ಎಂದು ಅವನೇ ಕೂಗಿದ. ದಶಕ ಸಹಿತ ಕಳೆಯುವ ಲೆಕ್ಕ ಆ ಬ್ಯಾಂಡ್ ಬಿಚ್ಚಿದ ಕ್ಷಣದಲ್ಲಿ ಅವನದಾಯಿತು.

ಸ್ಕ್ರಿವೆನ್ ಮತ್ತು ಬ್ಲೂಮ್ ಹೇಳಿದ್ದು ಇದನ್ನೇ. ಆದರೆ ಆ ಟೀಚರಿಗೆ ಆ ಹತ್ತು ನಿಮಿಷಕ್ಕೆ ಯಾವ ಮನ್ನಣೆಯೂ ಇಲ್ಲ. ಅದು ಕಡತದಲ್ಲಿ ಕೂರುವುದಿಲ್ಲ. ನಮ್ಮಲ್ಲಿ ರೂಪಣಾತ್ಮಕ ಮೌಲ್ಯಮಾಪನ ಎಂದರೆ ಎಫ್‌ಎ-1, ಎಫ್‌ಎ-2 ಎಂಬ ಕಿರುಪರೀಕ್ಷೆ. ಅದಕ್ಕೆ ವೇಳಾಪಟ್ಟಿ ಉಂಟು, ಅಂಕ ಉಂಟು, ಅಂಕ ಸೇರಿಸುವ ತಂತ್ರಾಂಶ ಉಂಟು, ಸೇರಿಸಲು ಕೊನೆಯ ದಿನಾಂಕ ಉಂಟು. ಪರೀಕ್ಷೆಯ ಭಯ ಕಡಿಮೆ ಮಾಡಲು ಬಂದ ವಿಚಾರ ಪರೀಕ್ಷೆಗಳ ಸಂಖ್ಯೆಯನ್ನೇ ಹೆಚ್ಚಿಸಿತು. ಆ ದಿನ ಸಂಜೆ ಟೀಚರ್ ಮೊಬೈಲ್ ಹಿಡಿದು ಕೂತಿದ್ದು ಚಟುವಟಿಕೆಯ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಲು. ನೆಟ್‌ವರ್ಕ್ ಸಿಗದೆ ಶಾಲೆಯ ಗೇಟಿನವರೆಗೆ ಕೊಡೆ ಹಿಡಿದು ಹೋದರು. ಅವರ ಕಸುಬು ಗೊತ್ತಿರುವ ಯಾರಿಗೂ ಇದನ್ನು ನೋಡಿ ಹೊಟ್ಟೆ ಉರಿಯದೆ ಇರದು.

ತರಗತಿಯ ಒಳಗೇ ಹುಟ್ಟಿದ ಪರಿಭಾಷೆಯ ಗತಿ ಬೇರೆ. ಎಚ್‌.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳ ಕೆಲಸ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ನಲಿ-ಕಲಿ ಆರಂಭಿಸಿದರು. ಅವರೂ ಪದಗಳನ್ನು ಕಟ್ಟಿದರು: ಕಲಿಕಾ ಏಣಿ, ಮೆಟ್ಟಿಲು, ಮೈಲಿಗಲ್ಲು, ಗುಂಪು ತಟ್ಟೆ, ಪ್ರಗತಿ ನೋಟ. ಒಂದನೇ ತರಗತಿಯ ಮಗು ಗೋಡೆಯ ಮೇಲಿನ ಏಣಿ ನೋಡಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಹೇಳಬಲ್ಲದು, ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆದು, ತನ್ನ ತಟ್ಟೆಯ ಸುತ್ತ ಹೋಗಿ ಕೂರಬಲ್ಲದು. ಯಾವ ತಟ್ಟೆಗೆ ಟೀಚರ ಸಹಾಯ ಪೂರ್ತಿ ಬೇಕು, ಯಾವ ತಟ್ಟೆಯವರು ಗೆಳೆಯರ ಜೊತೆ ಕಲಿಯುತ್ತಾರೆ, ಯಾರು ತಾವೇ ಕಲಿಯುತ್ತಾರೆ ಎಂಬುದು ಕೋಣೆಗೆ ಕಾಲಿಟ್ಟ ಪೋಷಕರಿಗೂ ಕಾಣುತ್ತದೆ. ಆರು ವರ್ಷದ ಮಗು ಬಳಸಬಲ್ಲ ಪರಿಭಾಷೆ ಅದು. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಹರಡಿದಾಗ ಕೆಲವೆಡೆ ಕಾರ್ಡು ಬಂತು, ಉತ್ಸಾಹ ಬರಲಿಲ್ಲ, ಅದು ನಿಜ. ಆದರೆ ಪದಗಳು ಇಂದಿಗೂ ಗಟ್ಟಿಯಾಗಿವೆ. ಮೊದಲು ಕೆಲಸ ಹುಟ್ಟಿತು, ಕೆಲಸಕ್ಕೆ ತಕ್ಕ ಹೆಸರು ಆಮೇಲೆ ಬಂತು.

ಮೇಲಿನಿಂದ ಇಳಿಯುವ ಪದಗಳ ದೊಡ್ಡ ಅಪರಾಧ ಅವು ಕ್ಲಿಷ್ಟ ಎಂಬುದಲ್ಲ. ಅವು ಕೊರತೆಯನ್ನು ಮುಚ್ಚುತ್ತವೆ. ಐದು ತರಗತಿಗೆ ಒಬ್ಬರೇ ಶಿಕ್ಷಕರು ಎಂದರೆ ಕೊರತೆ, ಅದಕ್ಕೆ ಯಾರಾದರೂ ಉತ್ತರ ಕೊಡಬೇಕು. ಬಹುವರ್ಗ ಬೋಧನೆ ಎಂದ ಕೂಡಲೇ ಅದು ಒಂದು ವಿಧಾನ, ಅದಕ್ಕೆ ಒಂದು ಕೈಪಿಡಿ ಸಾಕು. ಊರ ಶಾಲೆ ಮುಚ್ಚುತ್ತೀರಾ ಎಂದು ಕೇಳಿದರೆ ಇಲ್ಲ, ಇದು ವಿಲೀನ, ಇದು ಮ್ಯಾಗ್ನೆಟ್ ಶಾಲೆ ಎಂಬ ಉತ್ತರ. ಶಾಲೆಯಿಲ್ಲದ ಊರಿನ ಏಳು ವರ್ಷದ ಮಗು ಬೆಳಿಗ್ಗೆ ಎಷ್ಟು ದೂರ ನಡೆಯಬೇಕು ಎಂಬುದು ಆ ಪದದಲ್ಲಿಲ್ಲ.

ಕೋವಿಡ್ ಕಾಲದ ಮಾತೂ ಹಾಗೆಯೇ. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ನಮ್ಮ ರಾಜ್ಯದಲ್ಲಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಾರುಕಟ್ಟೆ ತೆರೆಯಿತು, ಬಾರ್ ತೆರೆಯಿತು, ಸಿನಿಮಾ ಮಂದಿರ ತೆರೆಯಿತು, ಕೊನೆಗೆ ತೆರೆದದ್ದು ಸಣ್ಣ ಮಕ್ಕಳ ಶಾಲೆ. ಆ ತೀರ್ಮಾನದ ಫಲಕ್ಕೆ ಕಲಿಕಾ ನಷ್ಟ ಎಂದು ಹೆಸರಿಟ್ಟರು. ನಷ್ಟ ಮಾಡಿದವರು ಯಾರು ಎಂಬ ಪ್ರಶ್ನೆಯೇ ಇಲ್ಲದ ನಷ್ಟ ಅದು.

ಖಾಸಗಿ ಶಾಲೆಗಳಲ್ಲಿ ಪರಿಭಾಷೆ ವ್ಯಾಪಾರಕ್ಕಿದೆ. ಹೋಲಿಸ್ಟಿಕ್, ಎಕ್ಸ್‌ಪೀರಿಯೆನ್ಷಿಯಲ್, ಇಂಟರ್‌ನ್ಯಾಷನಲ್, 21ನೇ ಶತಮಾನದ ಕೌಶಲ ಎಂದು ಫ್ಲೆಕ್ಸ್ ತುಂಬ ಬರೆದಿರುತ್ತಾರೆ. ಟೀಚರಿಗೆ ತಿಂಗಳಿಗೆ ಎಷ್ಟು ಸಂಬಳ, ಅವರು ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ ನೋಡಿ, ಮಾತು ತೇಲಿಸುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಈ ಅಂಕಣದ ಓದುಗರಿಗೆ ನನ್ನ ಹಳೆಯ ಹಟ ಗೊತ್ತು: ಶಾಲೆ ಪೋಷಕರಿಗೆ ಉತ್ತರ ಹೇಳಬೇಕು. ಇದು ನನ್ನ ಆಸೆ ಮಾತ್ರವಲ್ಲ, ಕಾನೂನು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. 24ನೇ ಕಲಮು ಶಿಕ್ಷಕರು ಪೋಷಕರ ಸಭೆ ಕರೆದು ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ ತಿಳಿಸಬೇಕು ಎನ್ನುತ್ತದೆ. ತಿಳಿಸುವುದು ಎಂದರೆ ಕೇಳಿದವರಿಗೆ ತಿಳಿಯುವಂತೆ ಹೇಳುವುದು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಎಂದು ಕರೆಯುವ ಈ ಸಮಿತಿಗಳು ಕಾಯ್ದೆಗಿಂತ ಹಳೆಯವು, 2001ರಿಂದಲೇ ಇವೆ. ಕೂಲಿ ಬಿಟ್ಟು ಸಭೆಗೆ ಬರುವ ಸದಸ್ಯರ ಮುಂದೆ ‘ಕಲಿಕಾಫಲವಾರು ವಿಶ್ಲೇಷಣೆ’ ಓದಿ, ಹೆಬ್ಬೆಟ್ಟು ಅಥವಾ ಸಹಿ ಹಾಕಿಸಿಕೊಂಡು ಕಳಿಸುವುದು ಆ ಕಾನೂನಿಗೆ ಮಾಡುವ ಅವಮಾನ. ಅರ್ಥವಾಗದ ಪೋಷಕರು ಪ್ರಶ್ನೆ ಕೇಳುವುದಿಲ್ಲ. ಮುಂದಿನ ಸಭೆಗೆ ಬರುವುದೂ ಇಲ್ಲ. ಆಮೇಲೆ ಪೋಷಕರಿಗೆ ಆಸಕ್ತಿ ಇಲ್ಲ ಎಂದು ವರದಿ ಬರೆಯುತ್ತಾರೆ.

ನೇರ ಮಾತಿನಲ್ಲಿ ಹೇಳಲು ಆಗುವುದಿಲ್ಲ, ಕಲಿಕೆ ಸಂಕೀರ್ಣ ವಿಷಯ ಎಂದು ಕೆಲವು ಅಧಿಕಾರಿಗಳು ನನಗೆ ಪಾಠ ಹೇಳಿದ್ದಾರೆ. ಆಗುತ್ತದೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ 2005ರಿಂದ ಹಳ್ಳಿಹಳ್ಳಿಯಲ್ಲಿ ಅದನ್ನೇ ಮಾಡುತ್ತಿದೆ. ಒಂದೇ ಹಾಳೆ: ಕೆಲವು ಅಕ್ಷರ, ಕೆಲವು ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮನೆಯ ಜಗುಲಿಯ ಮೇಲೆ, ಅಪ್ಪ ಅಮ್ಮನ ಎದುರಿಗೇ ಮಗು ಓದುತ್ತದೆ. ಅಲ್ಲಿ ಯಾರಿಗೂ ಅನುವಾದಕರು ಬೇಕಿಲ್ಲ. ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ 50.5, 2022ರಲ್ಲಿ ಶೇ 42.8, 2024ರಲ್ಲಿ ಶೇ 48.8. ಐದನೇ ತರಗತಿಯ ಅರ್ಧಕ್ಕರ್ಧ ಮಕ್ಕಳಿಗೆ ಮೂರು ವರ್ಷ ಹಿಂದಿನ ಪುಸ್ತಕ ಓದಲು ಬರುವುದಿಲ್ಲ ಎಂಬ ಸತ್ಯ ಆ ಒಂದು ಹಾಳೆಯಿಂದ ಗೊತ್ತಾಯಿತು. ಆ ಹಾಳೆ ಮಗುವಿನ ಎಲ್ಲವನ್ನೂ ಅಳೆಯುವುದಿಲ್ಲ. ಅಳೆದದ್ದನ್ನು ಮಾತ್ರ ಮುಚ್ಚಿಡದೆ ಹೇಳುತ್ತದೆ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಲೆಕ್ಕ ಬರಬೇಕೆಂದು ನಿಪುಣ್ ಭಾರತ್ ಇಟ್ಟುಕೊಂಡ ಗಡುವು 2026-27. ಗಡುವು ಮುಟ್ಟಿದೆವೋ ಇಲ್ಲವೋ ಎಂದು ಹೇಳುವ ದಿನ ಇನ್ನೊಂದು ಹೊಸ ಪದ ಹುಡುಕಿ ತರಬೇಡಿ ಎಂದು ಈಗಲೇ ಹೇಳುತ್ತಿದ್ದೇನೆ.

ಶಿಕ್ಷಕರನ್ನು ನಾನು ದೂರುತ್ತಿಲ್ಲ. ಅವರಲ್ಲಿ ಹೆಚ್ಚಿನವರಿಗೆ ತಮ್ಮ ಮಕ್ಕಳು ಎಲ್ಲಿದ್ದಾರೆ ಎಂಬುದು ಚೆನ್ನಾಗಿ ಗೊತ್ತು. ಅದನ್ನು ತಮ್ಮ ಮಾತಿನಲ್ಲಿ ಬರೆಯಲು ಪ್ರಗತಿ ಪತ್ರದಲ್ಲಿ ಜಾಗವಿಲ್ಲ, ತಪಾಸಣೆಗೆ ಬಂದವರು ಅದನ್ನು ಕೇಳುವುದೂ ಇಲ್ಲ. ‘ಒತ್ತಕ್ಷರ ಇನ್ನೂ ಬರುತ್ತಿಲ್ಲ, ನಾನು ಈ ತಿಂಗಳು ಅದನ್ನೇ ಕಲಿಸುತ್ತೇನೆ, ನೀವು ಮನೆಯಲ್ಲಿ ದಿನಾ ಒಂದು ಪುಟ ಓದಿಸಿ’ ಎಂಬ ಮೂರು ಮಾತು ಬರೆಯುವ ಹಕ್ಕನ್ನು ಶಿಕ್ಷಕರಿಗೆ ವಾಪಸ್ ಕೊಡಿ.

ಹೊಸ ಕಾರ್ಯಕ್ರಮದ ತರಬೇತಿಗೆ ಶಿಕ್ಷಕರನ್ನು ತಾಲ್ಲೂಕು ಕೇಂದ್ರಕ್ಕೆ ಕರೆಸುವ ಮುಂಚೆ ಅದನ್ನು ರೂಪಿಸಿದವರು ಒಂದು ಹಳ್ಳಿ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಲಿ. ಕಾರ್ಯಕ್ರಮದ ಹೆಸರನ್ನಾಗಲಿ ಅದರ ಪದಗಳನ್ನಾಗಲಿ ಬಳಸದೆ, ಇದರಿಂದ ನಿಮ್ಮ ಮಗುವಿಗೆ ಏನು ಬರುತ್ತದೆ, ಯಾವಾಗ ಬರುತ್ತದೆ, ಬರದಿದ್ದರೆ ಯಾರನ್ನು ಕೇಳಬೇಕು ಎಂದು ಹತ್ತು ನಿಮಿಷ ಹೇಳಲಿ. ಹೇಳಲಾಗದಿದ್ದರೆ ಆ ಕಾರ್ಯಕ್ರಮಕ್ಕೆ ಒಂದು ರೂಪಾಯಿ ಕೊಡಬೇಡಿ, ಒಬ್ಬ ಶಿಕ್ಷಕರನ್ನೂ ತರಗತಿಯಿಂದ ಹೊರಗೆಳೆಯಬೇಡಿ. ತಮಗೇ ಅರ್ಥವಾಗದ್ದನ್ನು ಸುತ್ತೋಲೆ ಮಾಡಿ ಹಂಚುವವರಿಗೆ ಶಿಕ್ಷಣ ಇಲಾಖೆಯಲ್ಲಿ ಕೆಲಸವಿಲ್ಲ.